ಮಕ್ಕಳ ಕಥೆಗಳಲ್ಲಿ ಭಯಾನಕ ರಸ

ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿರುವ ಭಾವಗಳಲ್ಲಿ ಭಯವೂ ಒಂದು. ತೊಟ್ಟಿಲಲ್ಲಿ ಮಲಗಿರುವ ಹಸುಳೆಯು ನಗುವುದನ್ನು ಕಲಿಯುವ ಮೊದಲೇ ದೊಡ್ಡ ಸದ್ದಿಗೆ ಬೆಚ್ಚಿಬೀಳುತ್ತದೆ. ಭಯವು ದುಃಖದಾಯಕವಾದ ಭಾವವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೂ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವ ಎಂಟು ರಸಗಳಲ್ಲಿ ಭಯಾನಕಕ್ಕೆ ಸ್ಥಾನವುಂಟು. ಲೋಕದಲ್ಲಿ ಸಂಕಟವನ್ನು ಕೊಡುವ ಭಯವೇ ಕಾವ್ಯನಾಟಕಗಳಲ್ಲಿ ರಸವಾಗಿ ಪರಿಣಮಿಸಿ ಆನಂದವನ್ನು ಕೊಡುತ್ತದೆಂದು ಅಲಂಕಾರಿಕರು ವಿವರಿಸಿದ್ದಾರೆ. ಕಾಡಿನಲ್ಲಿ ಹುಲಿಯನ್ನು ಕಂಡವನು ಓಡುತ್ತಾನೆ. ರಂಗದ ಮೇಲೆ ಹುಲಿವೇಷವನ್ನು ಕಂಡವನು ಇನ್ನೂ ಸ್ವಲ್ಪ ಮುಂದಕ್ಕೆ ಸರಿದು ಕುಳಿತುಕೊಳ್ಳುತ್ತಾನೆ.

ಈ ಮಾತಿನ ಸತ್ಯವನ್ನು ಮಕ್ಕಳಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕಾಣಬಹುದು. ಕರಾವಳಿಯ ಗದ್ದೆಬಯಲಿನಲ್ಲಿ ಯಕ್ಷಗಾನ ನಡೆಯುವ ರಾತ್ರಿ, ಮುಖದ ತುಂಬ ಚಿಟ್ಟಿಯಿಟ್ಟು ಅಬ್ಬರಿಸುತ್ತ ಬರುವ ಬಣ್ಣದ ವೇಷವನ್ನು ಕಂಡೊಡನೆ ಮಗುವು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ; ಮರುಗಳಿಗೆಯಲ್ಲಿ ಸೆರಗನ್ನು ತುಸು ಸರಿಸಿ ಒಂದು ಕಣ್ಣಿನಿಂದ ನೋಡುತ್ತದೆ. ಅಂಜುವುದೂ ಅದಕ್ಕೆ ಬೇಕು, ನೋಡುವುದೂ ಅದಕ್ಕೆ ಬೇಕು. ಅಜ್ಜಿಯು ಹೇಳುವ ರಾಕ್ಷಸನ ಕಥೆಯನ್ನು ಕೇಳಿ ಕಂಬಳಿಯೊಳಗೆ ಮುದುರಿಕೊಂಡ ಹುಡುಗನೇ ಮರುದಿನ ಸಂಜೆ ಅದೇ ಕಥೆಯನ್ನು ಮತ್ತೆ ಹೇಳೆಂದು ಕಾಡುತ್ತಾನೆ. ಹೀಗೆ ಮಕ್ಕಳು ತಾವಾಗಿಯೇ ಬಯಸಿ ಕೇಳುವ ಭಯದ ಕಥೆಗಳು ಅವರಿಗೆ ಹಿತವೋ ಅಹಿತವೋ ಎಂಬ ಪ್ರಶ್ನೆ ಬಹು ಹಿಂದಿನದು. ಹಿರಿಯರು ಇದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಬಗೆಯ ಉತ್ತರವನ್ನು ಕೊಟ್ಟಿದ್ದಾರೆ. ಕೆಲವೊಮ್ಮೆ ಕಾನೂನನ್ನೇ ಮಾಡಿದ್ದಾರೆ.

ಭಾರತದಲ್ಲಿ ಮಕ್ಕಳಿಗೆ ಚಿರಪರಿಚಿತವಾದ ಭಯಾನಕ ಕಥೆಯೆಂದರೆ ಬೇತಾಳನ ಕಥೆ. ಕಾಶ್ಮೀರದ ಸೋಮದೇವನು 11ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಕಥಾಸರಿತ್ಸಾಗರದಲ್ಲಿ ಇದು ವಿಸ್ತಾರವಾಗಿ ಬಂದಿದೆ. ಗೋದಾವರೀ ತೀರದ ಪ್ರತಿಷ್ಠಾನದ ಅರಸನ ಬಳಿಗೆ ಒಬ್ಬ ಭಿಕ್ಷುವು ದಿನವೂ ಬಂದು ಒಂದೊಂದು ಹಣ್ಣನ್ನು ಕೊಟ್ಟುಹೋಗುತ್ತಾನೆ. ಹಣ್ಣಿನೊಳಗೆ ರತ್ನವಿರುವುದು ಬಹುಕಾಲದ ಮೇಲೆ ಅಕಸ್ಮಾತ್ತಾಗಿ ತಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಭಿಕ್ಷುವು ಬೇಡುವುದೇನು? ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಅರಸನು ಸ್ಮಶಾನಕ್ಕೆ ಬರಬೇಕು. ಶಿಂಶಪಾ ವೃಕ್ಷದಲ್ಲಿ ನೇತಾಡುತ್ತಿರುವ ಹೆಣವನ್ನು ಹೊತ್ತು ತರಬೇಕು. ಅರಸನು ಹೋಗುತ್ತಾನೆ. ಹೆಣದೊಳಗೆ ಹೊಕ್ಕಿದ್ದ ಬೇತಾಳವು ದಾರಿಯ ಬೇಸರ ಕಳೆಯಲೆಂದು ಒಂದು ಕಥೆ ಹೇಳಿ, ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಉತ್ತರ ತಿಳಿದೂ ಸುಮ್ಮನಿದ್ದರೆ ಅರಸನ ತಲೆ ಒಡೆದುಹೋಗುವುದು. ಮಾತಾಡಿದರೆ ಹೆಣವು ಮರಳಿ ಮರವನ್ನು ಸೇರುವುದು.

ಇಲ್ಲಿ ಭಯವನ್ನು ಹುಟ್ಟಿಸುವ ಸಾಮಗ್ರಿಗೆ ಕೊರತೆಯಿಲ್ಲ. ಕತ್ತಲೆ, ಚಿತೆಯ ಬೆಂಕಿ, ನರಿಯ ಕೂಗು, ಹೆಗಲ ಮೇಲೆ ಮಾತಾಡುವ ಹೆಣ, ಎಲ್ಲವೂ ಇವೆ. ಆದರೆ ಕೇಳುವ ಮಗುವಿನ ಮನಸ್ಸು ಇವುಗಳಲ್ಲಿಯೇ ಸಿಕ್ಕಿಬೀಳುವುದಿಲ್ಲ. ತಪ್ಪು ಯಾರದು, ಹಿರಿಮೆ ಯಾರದು, ನ್ಯಾಯ ಯಾವುದು ಎಂಬ ಪ್ರಶ್ನೆ ಬಂದೊಡನೆ ಅದು ಹೆಣವನ್ನು ಮರೆತು ಉತ್ತರವನ್ನು ಹುಡುಕಲು ತೊಡಗುತ್ತದೆ. ಭಯವು ಮನಸ್ಸನ್ನು ಎಚ್ಚರಗೊಳಿಸುತ್ತದೆ. ಎಚ್ಚರಗೊಂಡ ಮನಸ್ಸಿಗೆ ಕಥೆಯು ವಿವೇಕದ ಕೆಲಸವನ್ನು ಒಪ್ಪಿಸುತ್ತದೆ. ಅರಸನು ಮತ್ತೆ ಮತ್ತೆ ಅದೇ ಮರದ ಬಳಿಗೆ ಹಿಂದಿರುಗುವುದನ್ನು ಕಂಡು, ಧೈರ್ಯವೆಂದರೆ ಹಿಡಿದ ಕೆಲಸವನ್ನು ಕೈಬಿಡದಿರುವುದು ಎಂಬ ಅರಿವೂ ಮೂಡುತ್ತದೆ. ಕಟ್ಟಕಡೆಗೆ ಭಿಕ್ಷುವಿನ ಕಪಟವನ್ನು ತಿಳಿಸಿ ಅರಸನನ್ನು ಉಳಿಸುವುದು ಯಾವ ಬೇತಾಳವನ್ನು ಕಂಡು ಅಂಜಬೇಕಾಗಿತ್ತೋ ಅದೇ ಬೇತಾಳ! ಕಾಷಾಯವನ್ನು ಉಟ್ಟವನು ಕೊಲೆಗಾರ, ಹೆಣದೊಳಗಿದ್ದುದು ಹಿತಚಿಂತಕ. ಹೊರಗಿನ ರೂಪವನ್ನು ನೋಡಿ ಅಂಜಬಾರದು, ನಂಬಲೂಬಾರದು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಯುರೋಪಿನಲ್ಲಿಯೂ ಮಕ್ಕಳ ಕಥೆಗಳು ಭಯದಿಂದ ದೂರವಾಗಿರಲಿಲ್ಲ. ಜರ್ಮನಿಯ ಗ್ರಿಮ್ ಸೋದರರು ಜನಪದ ಕಥೆಗಳ ಮೊದಲ ಸಂಪುಟವನ್ನು 1812ರಲ್ಲಿ ಪ್ರಕಟಿಸಿದರು. ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರುವ ತಂದೆತಾಯಿಗಳು, ಅವರನ್ನು ಒಲೆಯಲ್ಲಿ ಬೇಯಿಸಿ ತಿನ್ನಲು ಕಾದಿರುವ ಮಾಟಗಾತಿ ಮುಂತಾದವರು ಈ ಕಥೆಗಳಲ್ಲಿ ಬರುತ್ತಾರೆ. ಸೋದರರು 1857ರ ಏಳನೆಯ ಆವೃತ್ತಿಯವರೆಗೂ ಕಥೆಗಳನ್ನು ತಿದ್ದುತ್ತಲೇ ಹೋದರು. ಹೆತ್ತ ತಾಯಿಯೇ ಮಗಳ ಕೊಲೆಗೆ ಹವಣಿಸುವ ಕಥೆಯಲ್ಲಿ ತಾಯಿಯ ಸ್ಥಾನಕ್ಕೆ ಮಲತಾಯಿಯನ್ನು ತಂದರು. ತೀರ ಕ್ರೂರವಾದ ಕೆಲವನ್ನು ಕೈಬಿಟ್ಟರು. ಆದರೆ ಕಾಡನ್ನೂ ತೋಳವನ್ನೂ ಮಾಟಗಾತಿಯನ್ನೂ ತೆಗೆದುಹಾಕಲಿಲ್ಲ. ಅವುಗಳನ್ನು ತೆಗೆದರೆ ಕಥೆಯೇ ಉಳಿಯುತ್ತಿರಲಿಲ್ಲ.

ಇದೇ ಶತಮಾನದಲ್ಲಿ ಮತ್ತೊಂದು ಬಗೆಯ ಪುಸ್ತಕವೂ ಹುಟ್ಟಿತು. ಫ್ರಾಂಕ್‌ಫರ್ಟ್ ನಗರದ ವೈದ್ಯನಾದ ಹೈನ್ರಿಖ್ ಹಾಫ್‌ಮನ್ ಎಂಬಾತನು ತನ್ನ ಎಳೆಯ ಮಗನಿಗೆ ಉಡುಗೊರೆಯಾಗಿ ತಾನೇ ಚಿತ್ರ ಬರೆದು ಪದ್ಯ ಕಟ್ಟಿದ ಪುಸ್ತಕವು 1845ರಲ್ಲಿ ಅಚ್ಚಾಗಿ ಬಹು ಪ್ರಸಿದ್ಧವಾಯಿತು. ಅದರಲ್ಲಿ ಬೆಂಕಿಕಡ್ಡಿಯೊಡನೆ ಆಡಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ. ಹೆಬ್ಬೆರಳು ಚೀಪುವ ಹುಡುಗನ ಬೆರಳನ್ನು ದರ್ಜಿಯು ಕತ್ತರಿಯಿಂದ ಕತ್ತರಿಸುತ್ತಾನೆ. ಊಟ ಬೇಡವೆಂದವನು ಸೊರಗಿ ಸಾಯುತ್ತಾನೆ. ಇದನ್ನು ವಿನೋದವೆಂದು ಓದಿದವರೂ ಉಂಟು, ಬೆದರಿಕೆಯೆಂದು ಕಂಡವರೂ ಉಂಟು.

ಬೇತಾಳನ ಕಥೆಯೊಡನೆ ಇದನ್ನು ಹೋಲಿಸಿ ನೋಡಿದರೆ ಭಯವನ್ನು ಎರಡು ವಿಧವಾಗಿ ಬಳಸಬಹುದೆಂಬುದು ತಿಳಿಯುತ್ತದೆ. ಮೊದಲನೆಯದರಲ್ಲಿ ಭಯವು ಮಗುವಿನ ಎದುರಿಗೆ ನಿಂತಿದೆ. ಕಥಾನಾಯಕನು ಅದನ್ನು ದಾಟಿ ಹೋಗುತ್ತಾನೆ, ಅವನ ಜೊತೆಗೆ ಮಗುವೂ ದಾಟುತ್ತದೆ. ಎರಡನೆಯದರಲ್ಲಿ ಭಯವು ಮಗುವಿನ ಬೆನ್ನ ಹಿಂದೆ ಬೆತ್ತ ಹಿಡಿದು ನಿಂತಿದೆ. "ಊಟ ಮಾಡದಿದ್ದರೆ ಗುಮ್ಮ ಬಂದು ಹಿಡಿದುಕೊಂಡು ಹೋಗುತ್ತಾನೆ" ಎಂಬ ಮಾತು ಈ ಎರಡನೆಯ ಜಾತಿಗೆ ಸೇರಿದುದು. ಮಗುವಿನ ಹೊಟ್ಟೆಗೆ ನಾಲ್ಕು ತುತ್ತು ಹೆಚ್ಚಾಗಿ ಹೋಗಬಹುದು. ಆದರೆ ಗುಮ್ಮನನ್ನು ಎದುರಿಸುವ ದಾರಿಯನ್ನು ಆ ಮಾತು ತೋರಿಸುವುದಿಲ್ಲ. ಹೆದರಿಸಿ ಮಣಿಸುವುದು ಒಂದು, ಹೆದರಿಕೆಯ ನಡುವೆ ನಡೆಯಲು ಕಲಿಸುವುದು ಇನ್ನೊಂದು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಪ್ರಶ್ನೆಯು ಮನೆಯ ಹೊಸ್ತಿಲನ್ನು ದಾಟಿ ಶಾಸನಸಭೆಗಳನ್ನು ಪ್ರವೇಶಿಸಿತು. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಕಾಮಿಕ್ಸ್ ಎಂಬ ಚಿತ್ರಕಥೆಯ ಪುಸ್ತಕಗಳು ಅಗ್ಗದ ಬೆಲೆಗೆ ಹೇರಳವಾಗಿ ಮಾರಾಟವಾಗುತ್ತಿದ್ದುವು. 1950ರ ಸುಮಾರಿನಲ್ಲಿ ಅವುಗಳಲ್ಲಿ ಭಯಾನಕ ಕಥೆಗಳ ಅಬ್ಬರ ಹೆಚ್ಚಾಯಿತು. ಗೋರಿಯಿಂದ ಎದ್ದುಬರುವ ಹೆಣಗಳೂ ರಕ್ತ ಹೀರುವ ಪಿಶಾಚಿಗಳೂ ಹಾಳೆ ಹಾಳೆಗೂ ತುಂಬಿದ್ದುವು. ಮನೋವೈದ್ಯನಾದ ಫ್ರೆಡ್ರಿಕ್ ವರ್ಥಮ್ ಎಂಬವನು 1954ರಲ್ಲಿ ಒಂದು ಗ್ರಂಥವನ್ನು ಬರೆದು, ಮಕ್ಕಳು ಅಪರಾಧಿಗಳಾಗುವುದಕ್ಕೆ ಈ ಪುಸ್ತಕಗಳೇ ಮುಖ್ಯ ಕಾರಣಗಳಲ್ಲೊಂದೆಂದು ವಾದಿಸಿದನು. ಅದೇ ವರ್ಷ ಸೆನೆಟ್ ಸಭೆಯ ಉಪಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿಯನ್ನು ಹಾಕಿಕೊಂಡರು. ಭಯಾನಕವೆಂಬರ್ಥದ ಮಾತು ಪುಸ್ತಕದ ಹೆಸರಿನಲ್ಲಿ ಕೂಡ ಬರಕೂಡದೆಂದು ಅದು ವಿಧಿಸಿತು. ಇಂಥ ಪತ್ರಿಕೆಗಳು ಸ್ವಲ್ಪ ಕಾಲದಲ್ಲಿಯೇ ಕಣ್ಮರೆಯಾದುವು.

ಆ ವರ್ಷವೇ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. 1954ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ, ಗಾರ್ಬಲ್ಸ್ ಎಂಬ ಬಡ ಕಾರ್ಮಿಕರ ಬಡಾವಣೆಯ ನೂರಾರು ಮಕ್ಕಳು ದೊಡ್ಡದೊಂದು ಸ್ಮಶಾನಕ್ಕೆ ನುಗ್ಗಿದರು. ಕೆಲವರ ಕೈಯಲ್ಲಿ ಕೋಲು, ಕೆಲವರ ಕೈಯಲ್ಲಿ ಚಾಕು. ಕಬ್ಬಿಣದ ಹಲ್ಲುಗಳುಳ್ಳ ಪಿಶಾಚಿಯೊಂದು ಇಬ್ಬರು ಹುಡುಗರನ್ನು ಕೊಂದು ತಿಂದಿದೆಯೆಂದೂ ಅದನ್ನು ಹುಡುಕಿ ಕೊಲ್ಲಬೇಕೆಂದೂ ಅವರು ಬಂದಿದ್ದರು. ಊರಿನಲ್ಲಿ ಕಾಣೆಯಾದ ಹುಡುಗರೇ ಇರಲಿಲ್ಲ. ಪೊಲೀಸರು ಬಂದರು, ಶಾಲೆಯ ಮುಖ್ಯೋಪಾಧ್ಯಾಯರು ಬಂದು ಬುದ್ಧಿ ಹೇಳಿದರು; ಕೊನೆಗೆ ಮಳೆ ಸುರಿದು ಮಕ್ಕಳು ಚದುರಿದರು. ಅಮೆರಿಕದ ಚಿತ್ರಕಥೆಗಳೇ ಈ ಹುಚ್ಚಿಗೆ ಕಾರಣವೆಂದು ಹಿರಿಯರು ಕೂಗಾಡಿದರು. ಆದರೆ ಕಬ್ಬಿಣದ ಹಲ್ಲಿನ ಪಿಶಾಚಿಯಿರುವ ಒಂದು ಚಿತ್ರಕಥೆಯನ್ನಾದರೂ ಯಾರೂ ತೋರಿಸಲಾರದೆ ಹೋದರು. ಕಬ್ಬಿಣದ ಹಲ್ಲಿನ ಭೂತವು ಆ ನಾಡಿನ ಹಳೆಯ ಪದ್ಯವೊಂದರಲ್ಲಿಯೂ, ಅಂಥ ಹಲ್ಲುಗಳುಳ್ಳ ಮೃಗವು ಬೈಬಲ್ಲಿನಲ್ಲಿಯೂ ಮೊದಲೇ ಇದ್ದುವು.

ಈ ಘಟನೆಯಲ್ಲಿ ಗಮನಿಸಬೇಕಾದುದು ಮತ್ತೊಂದಿದೆ. ಪಿಶಾಚಿಯ ಸುದ್ದಿಯನ್ನು ನಂಬಿದ ಆ ಮಕ್ಕಳು ಮನೆಯೊಳಗೆ ಸೇರಿ ಅಗುಳಿ ಹಾಕಿಕೊಳ್ಳಲಿಲ್ಲ. ಸತ್ತರೆಂದು ತಾವು ನಂಬಿದ ಗೆಳೆಯರಿಗಾಗಿ ಒಟ್ಟುಗೂಡಿ ಕತ್ತಲೆಗೆ ಎದುರಾಗಿ ನಡೆದರು. ಅವರ ತಿಳಿವಳಿಕೆ ತಪ್ಪಾಗಿತ್ತು, ಕೈಯಲ್ಲಿದ್ದ ಚಾಕುಗಳು ಅಪಾಯಕರವಾಗಿದ್ದುವು; ಆದರೆ ಅವರ ಮನಸ್ಸು ಹೇಡಿಯ ಮನಸ್ಸಾಗಿರಲಿಲ್ಲ. ಹಿರಿಯರು ಇದನ್ನು ವಿಚಾರಿಸಲು ಹೋಗಲಿಲ್ಲ. ಬ್ರಿಟನ್ನಿನ ಸಂಸತ್ತು 1955ರಲ್ಲಿ ಮಕ್ಕಳಿಗೆ ಹಾನಿಕರವಾದ ಪ್ರಕಟಣೆಗಳನ್ನು ತಡೆಯುವ ಕಾಯಿದೆಯನ್ನು ಮಾಡಿತು. ಭಾರತದ ಸಂಸತ್ತು ಕೂಡ 1956ರಲ್ಲಿ ಅಂಥದೇ ಕಾಯಿದೆಯನ್ನು ಅಂಗೀಕರಿಸಿತು. ಎಷ್ಟೋ ವರ್ಷಗಳ ಮೇಲೆ, ವರ್ಥಮನ ಕಾಗದಪತ್ರಗಳು ಸಂಶೋಧಕರಿಗೆ ದೊರೆತಾಗ, ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರೊಲ್ ಟಿಲ್ಲಿ ಎಂಬ ವಿದ್ವಾಂಸೆಯು ಅವುಗಳನ್ನು ಪರಿಶೀಲಿಸಿ, ಅವನು ಮಕ್ಕಳ ಹೇಳಿಕೆಗಳನ್ನು ತನ್ನ ವಾದಕ್ಕೆ ಅನುಕೂಲವಾಗುವಂತೆ ಬದಲಿಸಿದ್ದನೆಂದು 2012ರಲ್ಲಿ ತೋರಿಸಿಕೊಟ್ಟಳು. ಮಕ್ಕಳ ಹಿತವನ್ನು ಕುರಿತು ತೀರ್ಪು ಕೊಡುವವರು ಮಕ್ಕಳ ಮಾತನ್ನು ಇದ್ದಂತೆಯೇ ಕೇಳಿಸಿಕೊಳ್ಳಬೇಕಾದುದು ಎಷ್ಟು ಅಗತ್ಯವೆಂಬುದಕ್ಕೆ ಇದು ನಿದರ್ಶನ.

ಭಯದ ಕಥೆಗಳನ್ನು ಬಾಗಿಲಿನಿಂದ ಅಟ್ಟಿದರೆ ಅವು ಕಿಟಕಿಯಿಂದ ಬಂದುವು. ಆಲ್ವಿನ್ ಶ್ವಾರ್ಟ್ಸ್ ಎಂಬ ಅಮೆರಿಕನ್ ಲೇಖಕನು ತನ್ನ ನಾಡಿನ ಜನಪದದಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದ್ದ ದೆವ್ವದ ಕಥೆಗಳನ್ನು ಸಂಗ್ರಹಿಸಿ, ಕತ್ತಲೆಯಲ್ಲಿ ಹೇಳತಕ್ಕ ಕಥೆಗಳೆಂಬ ಅರ್ಥದ ಹೆಸರಿಟ್ಟು 1981, 1984 ಮತ್ತು 1991ರಲ್ಲಿ ಮೂರು ಪುಸ್ತಕಗಳನ್ನು ಪ್ರಕಟಿಸಿದನು. ಸ್ಟೀಫನ್ ಗ್ಯಾಮೆಲ್ ಎಂಬ ಕಲಾವಿದನು ಅವುಗಳಿಗೆ ಬರೆದ ಕಪ್ಪುಬಿಳುಪಿನ ಚಿತ್ರಗಳು ಕಥೆಗಳಿಗಿಂತ ಹೆಚ್ಚಾಗಿ ಮೈ ನಡುಗಿಸುವಂತಿದ್ದುವು. ಈ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಗಳಿಂದ ತೆಗೆದುಹಾಕಬೇಕೆಂದು ತಂದೆತಾಯಿಗಳು ಮತ್ತೆ ಮತ್ತೆ ದೂರು ಕೊಟ್ಟರು. 1990ರಿಂದ 1999ರವರೆಗೆ ಹೀಗೆ ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ಇವುಗಳನ್ನು ಮೊದಲ ಸ್ಥಾನದಲ್ಲಿ ನಮೂದಿಸಿದೆ. 2011ರಲ್ಲಿ ಪ್ರಕಾಶಕರು ಹಳೆಯ ಚಿತ್ರಗಳನ್ನು ತೆಗೆದು ಸೌಮ್ಯವಾದ ಹೊಸ ಚಿತ್ರಗಳನ್ನು ಹಾಕಿದರು. ಬಾಲ್ಯದಲ್ಲಿ ಆ ಚಿತ್ರಗಳನ್ನು ನೋಡಿ ನಿದ್ದೆಗೆಟ್ಟಿದ್ದ ಓದುಗರೇ ಈಗ ಅಸಮಾಧಾನಗೊಂಡರು! 2017ರಲ್ಲಿ ಗ್ಯಾಮೆಲ್ಲನ ಚಿತ್ರಗಳು ಮರಳಿ ಬಂದುವು.

ಈ ಪ್ರಕಾರದಲ್ಲಿ ಅತ್ಯಂತ ಹೆಚ್ಚು ಓದುಗರನ್ನು ಗಳಿಸಿದ ಲೇಖಕನೆಂದರೆ ಆರ್. ಎಲ್. ಸ್ಟೈನ್. ಇವನು 1943ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಹುಟ್ಟಿದನು. ಒಂಬತ್ತು ವರ್ಷದವನಾಗಿದ್ದಾಗ ಮನೆಯ ಅಟ್ಟದ ಮೇಲೆ ಸಿಕ್ಕಿದ ಹಳೆಯ ಬೆರಳಚ್ಚು ಯಂತ್ರದಲ್ಲಿ ಕಥೆಗಳನ್ನೂ ನಗೆಹನಿಗಳನ್ನೂ ಬರೆಯತೊಡಗಿದನು. ತಾಯಿಯು ಮನೆಯೊಳಗೆ ಭಯಾನಕ ಚಿತ್ರಕಥೆಗಳಿಗೆ ಎಡೆಗೊಡುತ್ತಿರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಅವು ಇದ್ದುವು. ಆದುದರಿಂದ ಹುಡುಗನು ವಾರವಾರವೂ ತಪ್ಪದೆ ಕ್ಷೌರಕ್ಕೆ ಹೋಗುತ್ತಿದ್ದನಂತೆ. ದೊಡ್ಡವನಾದ ಮೇಲೆ ಬಹುಕಾಲ ಮಕ್ಕಳಿಗಾಗಿ ಹಾಸ್ಯದ ಪುಸ್ತಕಗಳನ್ನು ಬರೆದನು. 1989ರಲ್ಲಿ ಹದಿಹರೆಯದವರಿಗೆಂದು ‘ಫಿಯರ್ ಸ್ಟ್ರೀಟ್’ ಮಾಲೆಯನ್ನೂ, 1992ರ ಜುಲೈ ತಿಂಗಳಲ್ಲಿ ಎಂಟರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆಂದು ‘ಗೂಸ್‌ಬಂಪ್ಸ್’ ಮಾಲೆಯನ್ನೂ ಆರಂಭಿಸಿದನು. ಮೈ ನವಿರೇಳುವುದೆಂದೇ ಆ ಹೆಸರಿನ ಅರ್ಥ. 1997ರವರೆಗೆ ನಡೆದ ಮೊದಲ ಮಾಲೆಯಲ್ಲಿ 62 ಪುಸ್ತಕಗಳು ಬಂದುವು. ಹಲವು ಭಾಷೆಗಳಿಗೆ ಅನುವಾದಗೊಂಡು ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದುವು.

ಸ್ಟೈನನ ಕಥೆಗಳ ರಚನೆಯು ಸರಳವಾದುದು, ಆದರೆ ಯೋಚಿಸಿ ಮಾಡಿದುದು. ಹೊಸ ಮನೆಗೆ ಬಂದ ಒಂದು ಕುಟುಂಬ, ಬೇಸಗೆಯ ಶಿಬಿರ, ಶಾಲೆಯ ಉತ್ಸವ ಮುಂತಾದ ಪರಿಚಿತ ಸನ್ನಿವೇಶದಲ್ಲಿ ಕಥೆ ತೊಡಗುತ್ತದೆ. ಹನ್ನೆರಡು ವರ್ಷದ ಹುಡುಗನೋ ಹುಡುಗಿಯೋ ಯಾವುದೋ ಅಸಹಜವಾದುದನ್ನು ಕಾಣುತ್ತಾರೆ. ಹಿರಿಯರಿಗೆ ಹೇಳಿದರೆ ಅವರು ನಂಬುವುದಿಲ್ಲ. ಆದ್ದರಿಂದ ಮಕ್ಕಳೇ ಬುದ್ಧಿಯನ್ನು ಉಪಯೋಗಿಸಿ ಪಾರಾಗಬೇಕು. ಪ್ರತಿಯೊಂದು ಅಧ್ಯಾಯದ ಕೊನೆಯಲ್ಲಿ ಎದೆ ಝಲ್ಲೆನ್ನುವಂತಹ ಒಂದು ತಿರುವು. ಹಾಳೆ ತಿರುವಿದರೆ ಎಷ್ಟೋ ಸಲ ಅದು ಬೆಕ್ಕೋ ತಮ್ಮನ ಕೀಟಲೆಯೋ ಆಗಿರುತ್ತದೆ. ಅಂಜಿಕೆಯ ಬೆನ್ನಿಗೆ ನಗು, ನಗುವಿನ ಬೆನ್ನಿಗೆ ಮತ್ತೆ ಅಂಜಿಕೆ. 1993ರಲ್ಲಿ ಬಂದ ಒಂದು ಕಥೆಯಲ್ಲಿ ಹುಡುಗಿಯೊಬ್ಬಳು ತನ್ನನ್ನು ಅಣಕಿಸುವವರನ್ನು ಹೆದರಿಸಲೆಂದು ವಿಕಾರವಾದ ಮುಖವಾಡವನ್ನು ಹಾಕಿಕೊಳ್ಳುತ್ತಾಳೆ. ಅದು ಅವಳ ಮುಖಕ್ಕೇ ಅಂಟಿಕೊಂಡು ಬಿಡುತ್ತದೆ. ಲೇಖಕನ ಮಗನು ಎಳೆತನದಲ್ಲಿ ರಬ್ಬರಿನ ಮುಖವಾಡವನ್ನು ಹಾಕಿಕೊಂಡು ತೆಗೆಯಲಾರದೆ ಒದ್ದಾಡಿದ್ದೇ ಈ ಕಥೆಗೆ ಪ್ರೇರಣೆಯಾಯಿತು. ಸೇಡಿಗಾಗಿ ತೊಟ್ಟ ಕ್ರೌರ್ಯವು ತೊಟ್ಟವನನ್ನೇ ನುಂಗುವುದೆಂಬ ಮಾತನ್ನು ಲೇಖಕನು ಉಪದೇಶವಾಗಿ ಎಲ್ಲಿಯೂ ಹೇಳುವುದಿಲ್ಲ. ಓದುವ ಮಗುವಿಗೆ ಅದು ಅರ್ಥವಾಗದೆ ಇರುವುದೂ ಇಲ್ಲ.

ಇಂಥ ಕಥೆಗಳಲ್ಲಿ ಅಂಜಿಕೆಯು ಸವಿಯಾಗುವುದು ಹೇಗೆ? ಅಪಾಯ ಎದುರಾದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸವು ಸ್ರವಿಸಿ, ಎದೆಬಡಿತವು ಹೆಚ್ಚಾಗಿ, ಸ್ನಾಯುಗಳು ಬಿಗಿಯುತ್ತವೆ. ಕಥೆಯನ್ನು ಓದುವಾಗಲೂ ಇದು ಅಲ್ಪಪ್ರಮಾಣದಲ್ಲಿ ನಡೆಯುತ್ತದೆ. ಆದರೆ ತಾನು ಕುಳಿತಿರುವುದು ಮನೆಯ ಜಗಲಿಯ ಮೇಲೆ ಎಂಬ ಅರಿವು ಓದುಗನಿಗೆ ಒಳಗೊಳಗೇ ಇರುತ್ತದೆ. ಡೆನ್ಮಾರ್ಕಿನ ವಿಜ್ಞಾನಿಗಳು ಭಯ ಹುಟ್ಟಿಸಲೆಂದೇ ಸಜ್ಜುಗೊಳಿಸಿದ ಒಂದು ಮನೆಗೆ ಬಂದ 110 ಮಂದಿಯ ಎದೆಬಡಿತವನ್ನು ಅಳೆದು, 2020ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅಂಜಿಕೆ ತೀರ ಕಡಮೆಯಾದವರಿಗೆ ಸಂತೋಷವಾಗಲಿಲ್ಲ, ತೀರ ಹೆಚ್ಚಾದವರಿಗೂ ಆಗಲಿಲ್ಲ. ನಡುವಿನ ಮಟ್ಟದಲ್ಲಿ ಅಂಜಿದವರೇ ಹೆಚ್ಚು ಸಂತೋಷಪಟ್ಟರು. ಅಡುಗೆಗೆ ಉಪ್ಪಿನಂತೆ ಕಥೆಗೆ ಭಯ.

ಪುಸ್ತಕದ ಓದಿನಲ್ಲಿ ಈ ಹದವನ್ನು ಓದುಗನೇ ಕಾಯ್ದುಕೊಳ್ಳಬಲ್ಲನು. ಚಲನಚಿತ್ರದ ಮುಂದೆ ಕುಳಿತ ಮಗುವಿನ ಕಣ್ಣಿಗೆ ಚಿತ್ರವು ತಾನಾಗಿ ಬಂದು ಬಡಿಯುತ್ತದೆ. ಓದುವ ಮಗುವಾದರೋ ಬೇಕಾದಲ್ಲಿ ನಿಲ್ಲುತ್ತದೆ, ಬೇಡವಾದ ಹಾಳೆಯನ್ನು ಹಾರಿಸುತ್ತದೆ, ಪುಸ್ತಕವನ್ನು ಮುಚ್ಚಿ ಅಡುಗೆಮನೆಗೆ ಹೋಗಿ ಅಮ್ಮನ ಬಳಿ ಸ್ವಲ್ಪ ಹೊತ್ತು ಕುಳಿತು ಬರುತ್ತದೆ. ತನ್ನ ಕಲ್ಪನೆಗೆ ತಾಳುವಷ್ಟೇ ದೊಡ್ಡ ದೆವ್ವವನ್ನು ಅದು ಕಲ್ಪಿಸಿಕೊಳ್ಳುತ್ತದೆ. ಬ್ರೂನೋ ಬೆಟಲ್‌ಹೈಮ್ ಎಂಬ ವಿದ್ವಾಂಸನು 1976ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಮಕ್ಕಳ ಮನಸ್ಸಿನೊಳಗೆ ಹೆಸರಿಲ್ಲದ ಭಯಗಳು ಮೊದಲೇ ಇರುತ್ತವೆಂದೂ ಕಥೆಯು ಅವುಗಳಿಗೆ ಒಂದು ರೂಪವನ್ನು ಕೊಡುತ್ತದೆಂದೂ ಪ್ರತಿಪಾದಿಸಿದ್ದಾನೆ. ಅವನ ಎಲ್ಲ ವಿವರಣೆಗಳನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ತಾಯಿತಂದೆಗಳನ್ನು ಕಳೆದುಕೊಂಡೇನೆಂಬ ಭಯ, ಹೊಸ ಶಾಲೆಯಲ್ಲಿ ಒಂಟಿಯಾದೇನೆಂಬ ಭಯ, ತನ್ನ ಮಾತನ್ನು ಯಾರೂ ನಂಬಲಾರರೆಂಬ ಭಯ ಇವು ಯಾವ ಪುಸ್ತಕದಿಂದಲೂ ಬಂದವಲ್ಲವೆಂಬುದು ನಿಜ. ರೂಪವಿಲ್ಲದ ಭಯದೊಡನೆ ಹೋರಾಡುವುದು ಕಷ್ಟ. ರಾಕ್ಷಸನೆಂದು ಹೆಸರಿಟ್ಟರೆ ಅವನ ಪ್ರಾಣ ಯಾವ ಗಿಳಿಯಲ್ಲಿದೆಯೆಂದು ಹುಡುಕಬಹುದು.

ಕನ್ನಡದ ಮಕ್ಕಳಿಗೆ ಇಂಥ ಸವಿಯನ್ನು ಬಹುಕಾಲ ಉಣಬಡಿಸಿದ ಮಾಸಪತ್ರಿಕೆ ಚಂದಮಾಮ. ನಾಗಿ ರೆಡ್ಡಿ ಮತ್ತು ಚಕ್ರಪಾಣಿ ಅವರು ಮದರಾಸಿನಲ್ಲಿ 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಈ ಪತ್ರಿಕೆಯು 1949ರಲ್ಲಿ ಕನ್ನಡದಲ್ಲಿಯೂ ಬಂದಿತು. ಇದರಲ್ಲಿ ಬರುತ್ತಿದ್ದ ಬೇತಾಳ ಕಥೆಗಳು ಸೋಮದೇವನ ಇಪ್ಪತ್ತೈದು ಕಥೆಗಳಿಗೇ ಮುಗಿಯಲಿಲ್ಲ. ಹಳೆಯ ಚೌಕಟ್ಟಿನೊಳಗೆ ಹೊಸ ಹೊಸ ಕಥೆಗಳನ್ನು ಕೂಡಿಸುತ್ತ ಹಲವು ದಶಕಗಳ ಕಾಲ ಅದು ಮುಂದುವರಿಯಿತು. ಒಂದು ಕೈಯಲ್ಲಿ ಖಡ್ಗವನ್ನು ಹಿಡಿದು, ಹೆಗಲ ಮೇಲೆ ಹೆಣವನ್ನು ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ಬರೆದ ಶಂಕರ್ ಎಂಬ ಕಲಾವಿದರು 1924ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡರು. 2021ರಲ್ಲಿ ಭಾರತ ಸರ್ಕಾರವು ಮರಣೋತ್ತರವಾಗಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಪತ್ರಿಕೆಯು ನಿಂತುಹೋದರೂ ಆ ಚಿತ್ರವು ಓದುಗರ ನೆನಪಿನಿಂದ ಮಾಸಿಲ್ಲ.

ಬಾಲ್ಯದಲ್ಲಿ ಓದಿದ ಭಯದ ಕಥೆಗಳನ್ನು ಹಿರಿಯರಾದ ಮೇಲೆ ಹುಡುಕಿ ಓದುವವರು ಇಂದು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಸ್ಟೈನನ ‘ಗೂಸ್‌ಬಂಪ್ಸ್’ 2015ರಲ್ಲಿಯೂ ಶ್ವಾರ್ಟ್ಸನ ಕಥೆಗಳು 2019ರಲ್ಲಿಯೂ ‘ಫಿಯರ್ ಸ್ಟ್ರೀಟ್’ 2021ರಲ್ಲಿಯೂ ಚಲನಚಿತ್ರಗಳಾದುದಕ್ಕೆ ಆ ಓದುಗರ ನೆನಪೇ ಬಹುಮಟ್ಟಿಗೆ ಕಾರಣ. ಮರಳಿ ಓದುವಾಗ ಅವರಿಗೆ ಹಿಂದಿನ ಅಂಜಿಕೆ ಸಿಕ್ಕುವುದಿಲ್ಲ. ಅಂದು ನಿದ್ದೆಗೆಡಿಸಿದ ದೆವ್ವವು ಇಂದು ಹಳೆಯ ನೆಂಟನಂತೆ ಕಾಣುತ್ತದೆ. ಆದರೆ ಅಂದು ಕಾಣದೆ ಹೋದುದು ಇಂದು ಕಾಣುತ್ತದೆ: ಕತ್ತಲೆಯ ಕೋಣೆಗೆ ಒಬ್ಬನೇ ಹೋಗಲು ಅಂಜುತ್ತಿದ್ದ ಹುಡುಗನು ಹೇಗೆ ಪುಸ್ತಕವನ್ನು ಮುಗಿಸಿದನು, ಯಾರ ಪಕ್ಕದಲ್ಲಿ ಮಲಗಿ ಆ ರಾತ್ರಿಯನ್ನು ಕಳೆದನು ಎಂಬುದೆಲ್ಲ ನೆನಪಾಗುತ್ತದೆ. ತಾನು ದಾಟಿ ಬಂದ ಹೊಳೆಯನ್ನು ಆಚೆ ದಡದಲ್ಲಿ ನಿಂತು ನೋಡಿದಂತೆ ಆಗುತ್ತದೆ.

ಮರುಓದಿನಲ್ಲಿ ಕಾಣುವುದೆಲ್ಲವೂ ಸವಿಯಾದುದಲ್ಲ. ಹಳೆಯ ಭಯದ ಕಥೆಗಳಲ್ಲಿ ಒಂಟಿಯಾಗಿ ಬಾಳುವ ಮುದುಕಿಯು ಸಾಮಾನ್ಯವಾಗಿ ಮಾಟಗಾತಿಯಾಗಿರುತ್ತಾಳೆ. ಗೂನುಬೆನ್ನಿನವನು, ಒಕ್ಕಣ್ಣನು, ಮೈಬಣ್ಣ ಕಪ್ಪಾದವನು ಕೇಡಿಗರಾಗಿರುತ್ತಾರೆ. ಅಂಗವಿಕಲತೆಯನ್ನೂ ವಾರ್ಧಕ್ಯವನ್ನೂ ಕೆಟ್ಟತನದ ಗುರುತುಗಳನ್ನಾಗಿ ಬಳಸುವುದು ಅನ್ಯಾಯ. ಎಳೆಯ ವಯಸ್ಸಿನಲ್ಲಿ ಇದು ಗಮನಕ್ಕೆ ಬಾರದೆ ಮನಸ್ಸಿನೊಳಗೆ ಇಳಿಯುತ್ತದೆ. ಕಥೆಯನ್ನು ಮೆಚ್ಚುತ್ತಲೇ ಅದರಲ್ಲಿರುವ ಈ ದೋಷವನ್ನು ಗುರುತಿಸುವುದು ಬೆಳೆದ ಓದುಗನ ಕರ್ತವ್ಯ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ವಿವೇಕವುಂಟು. ಕಥೆಯೇ ಬೇರೆ, ವದಂತಿಯೇ ಬೇರೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿಯೂ ಕರ್ನಾಟಕದ ಅನೇಕ ಊರುಗಳಲ್ಲಿಯೂ ಮನೆಯ ಬಾಗಿಲುಗಳ ಮೇಲೆ "ನಾಳೆ ಬಾ" ಎಂಬ ಬರಹವು ಕಾಣಿಸಿಕೊಂಡಿತು. ರಾತ್ರಿಯಲ್ಲಿ ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುವುದೆಂದೂ, ಈ ಬರಹವನ್ನು ಓದಿ ಹಿಂದಿರುಗುವುದೆಂದೂ, ಮರುದಿನ ಬಂದರೆ ಮತ್ತೆ ಅದೇ ಬರಹವಿರುವುದೆಂದೂ ಜನ ಹೇಳಿಕೊಳ್ಳುತ್ತಿದ್ದರು. ಅಕ್ಷರ ಬಲ್ಲ, ಆದರೆ ಎಣಿಕೆ ಬಾರದ ಈ ದೆವ್ವದ ಕಥೆಯಲ್ಲಿ ವಿನೋದವಿದೆ. ಕಥೆಯಾಗಿ ಕೇಳಿದರೆ ಅದು ಸೊಗಸಾದುದು. ನಿಜವೆಂದು ನಂಬಿದಾಗ ಮಾತ್ರ ಅದು ನಿದ್ದೆಯನ್ನು ಕೆಡಿಸುತ್ತದೆ, ನೆರೆಯವರು ಬಾಗಿಲು ತಟ್ಟಿದರೂ ತೆರೆಯದಂತೆ ಮಾಡುತ್ತದೆ. ಇಂಥ ನಂಬಿಕೆಯೇ ಇನ್ನೂ ಬೆಳೆದರೆ ನಿರಪರಾಧಿಯಾದ ಹೆಂಗಸನ್ನು ಮಾಟಗಾತಿಯೆಂದು ಹಿಂಸಿಸುವವರೆಗೂ ಹೋದೀತು. ಕರ್ನಾಟಕದ ಶಾಸನಸಭೆಯು 2017ರಲ್ಲಿ ವಾಮಾಚಾರ ಮತ್ತು ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ಕಾಯಿದೆಯನ್ನು ಮಾಡಬೇಕಾಗಿ ಬಂದುದನ್ನು ಇಲ್ಲಿ ನೆನೆಯಬಹುದು.

ಒಳ್ಳೆಯ ಭಯದ ಕಥೆಯು ತಾನು ಕಥೆಯೆಂಬುದನ್ನು ಮರೆಮಾಚುವುದಿಲ್ಲ. ಅದಕ್ಕೆ ಒಂದು ಮೊದಲು, ಒಂದು ಕೊನೆ ಇರುತ್ತದೆ. ಕೊನೆಯಾದ ಮೇಲೆ ಓದುಗನು ಪುಸ್ತಕವನ್ನು ಮುಚ್ಚಿ ಹಗಲಿಗೆ ಬರುತ್ತಾನೆ. ವದಂತಿಗೆ ಕೊನೆಯಿಲ್ಲ, ಅದು ಬಾಯಿಂದ ಬಾಯಿಗೆ ಹಬ್ಬಿ, ಯಾರೋ ಒಬ್ಬ ನೆರೆಯವನ ಕಡೆಗೆ ಬೆರಳು ತೋರಿಸುತ್ತದೆ. ಸ್ಮಶಾನಕ್ಕೆ ನುಗ್ಗಿದ ಗ್ಲಾಸ್ಗೋ ನಗರದ ಮಕ್ಕಳು ಮೋಸಹೋದದ್ದು ಪುಸ್ತಕದಿಂದಲ್ಲ, ವದಂತಿಯಿಂದ. ಕಥೆಯ ದೆವ್ವವನ್ನು ದೆವ್ವದ ಕಥೆಯೆಂದೇ ತಿಳಿದು ಸವಿಯಬಲ್ಲವನು ವದಂತಿಯನ್ನು ಕೇಳಿದಾಗ "ಕಂಡವರು ಯಾರು?" ಎಂದು ಕೇಳುವ ಸಂಭವ ಹೆಚ್ಚು. ಬೇತಾಳನ ಪ್ರಶ್ನೆಗಳು ರೂಢಿಸುವ ಅಭ್ಯಾಸವೂ ಇದೇ ಅಲ್ಲವೆ?

ಬಾಲ್ಯಕ್ಕೂ ತಾರುಣ್ಯಕ್ಕೂ ನಡುವೆ ನಿಂತಿರುವ ವಿದ್ಯಾರ್ಥಿಗಳು ಇನ್ನು ಕೆಲವೇ ವರ್ಷಗಳಲ್ಲಿ ಕಥೆ ಕೇಳುವವರಿಂದ ಕಥೆ ಹೇಳುವವರಾಗುತ್ತಾರೆ. ಮನೆಯಲ್ಲಿರುವ ತಮ್ಮತಂಗಿಯರು ರಾತ್ರಿಯ ಹೊತ್ತಿನಲ್ಲಿ ಕಥೆಗಾಗಿ ಕಾಡುವುದು ಈಗಾಗಲೇ ಅವರನ್ನೇ. ಆಗ ರಾಕ್ಷಸನನ್ನು ಬಿಟ್ಟು ಕಥೆ ಹೇಳಬೇಕಾಗಿಲ್ಲ. ರಾಕ್ಷಸನು ಬರಲಿ, ಅಬ್ಬರಿಸಲಿ, ಕೇಳುವ ಮಗುವು ಹತ್ತಿರಕ್ಕೆ ಸರಿದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ. ಆದರೆ ಆ ಮಗುವಿಗೆ ಎಷ್ಟು ತಾಳುವುದೆಂಬುದನ್ನು ಅದರ ಮುಖವನ್ನು ನೋಡಿಯೇ ತಿಳಿಯಬೇಕು. ಅದನ್ನು ಮಣಿಸುವುದಕ್ಕಾಗಿ ರಾಕ್ಷಸನನ್ನು ಕರೆಯಬಾರದು. ಯಾವ ನೆರೆಯವರಿಗೂ ರಾಕ್ಷಸನ ಮುಖವನ್ನು ಅಂಟಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಕಥೆಯನ್ನು ನಡುವೆ ನಿಲ್ಲಿಸಿ ಮಗುವನ್ನು ಕತ್ತಲೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗದೆ, ಬೆಳಗಾಗುವವರೆಗೆ ಕಥೆಯನ್ನು ಕರೆದುಕೊಂಡು ಬರಬೇಕು. ಹಿಂದಿನ ತಲೆಮಾರಿನ ಅಜ್ಜಿಯರು ಮಾಡಿದ್ದೂ ಇದನ್ನೇ.